ಅನುಭವ ಹನ್ನೆರಡು ವರ್ಷ, ಫಾರ್ಮ್ ಕೇಳುವುದು ಎಸ್ಸೆಸ್ಸೆಲ್ಸಿ ಅಂಕ: ತುಂಬುವುದು ಹೇಗೆ, ಬಿಡುವುದು ಯಾವಾಗ

ಬೆಂಗಳೂರಿನ ಕನ್ಸಲ್ಟೆನ್ಸಿಗಳಿಂದ ಬರುವ ಮೇಲ್‌ನ ಕೊನೆಗೆ ಸಾಮಾನ್ಯವಾಗಿ ಒಂದು ಟೇಬಲ್ ಇರುತ್ತದೆ. ಒಟ್ಟು ಅನುಭವ, ಈ ಕೆಲಸಕ್ಕೆ ಸಂಬಂಧಪಟ್ಟ ಅನುಭವ, ಈಗಿನ ಸಿಟಿಸಿ (ವರ್ಷಕ್ಕೆ ಕಂಪನಿ ಕೊಡುವ ಒಟ್ಟು ವೇತನ), ಎಷ್ಟು ಬೇಕು, ನೋಟಿಸ್ ಪೀರಿಯಡ್. ಅಲ್ಲಿಗೆ ಮುಗಿಯುವುದಿಲ್ಲ. ಟೆಂತ್ ಪರ್ಸೆಂಟೇಜ್, ಟ್ವೆಲ್ತ್ ಪರ್ಸೆಂಟೇಜ್, ಡಿಗ್ರಿ ಪರ್ಸೆಂಟೇಜ್, ಪಾಸಾದ ವರ್ಷ, ಓದಿನ ನಡುವೆ ಗ್ಯಾಪ್ ಇದೆಯೇ, ಬ್ಯಾಕ್‌ಲಾಗ್ (ಪಾಸಾಗದೆ ಬಾಕಿ ಉಳಿದ ವಿಷಯ) ಎಷ್ಟು. ಹನ್ನೆರಡು ವರ್ಷ ಪೇಮೆಂಟ್ ಸಿಸ್ಟಂ ನೋಡಿಕೊಂಡ ಇಂಜಿನಿಯರ್ ಬಗ್ಗೆ ಎಸ್ಸೆಸ್ಸೆಲ್ಸಿಯ ಸಮಾಜ ವಿಜ್ಞಾನದ ಅಂಕ ಏನನ್ನೂ ಹೇಳುವುದಿಲ್ಲ. ಸಿಟ್ಟು ಬರುವುದು ಸಹಜ. ಆದರೂ ಈ ಕಾಲಂಗಳನ್ನು ಸಿಟ್ಟಿನಲ್ಲೋ ಅಂದಾಜಿನಲ್ಲೋ ತುಂಬಬೇಡಿ. ಅಲ್ಲಿ ಬರೆದ ಅಂಕಿಯನ್ನು ಎರಡು ಸಲ ನೋಡುತ್ತಾರೆ: ಮೊದಲು ಅರ್ಜಿ ಸೋಸುವಾಗ, ಆಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್, ಅಂದರೆ ದಾಖಲೆಗಳ ಪರಿಶೀಲನೆ ಮಾಡುವಾಗ. ಎರಡನೆಯದು ನಡೆಯುವ ಹೊತ್ತಿಗೆ ನೀವು ಹಳೆ ಕಂಪನಿಗೆ ರಾಜೀನಾಮೆ ಕೊಟ್ಟಾಗಿರುತ್ತದೆ. ಅಲ್ಲಿ ಎಡವಿದರೆ ಎರಡೂ ಕೆಲಸ ಕೈತಪ್ಪುತ್ತವೆ.

ಕೇಳುತ್ತಿರುವವರು ಯಾರು

ಉತ್ತರ ಬರೆಯುವ ಮೊದಲು ಪ್ರಶ್ನೆ ಎಲ್ಲಿಂದ ಬಂದಿದೆ ಎಂದು ಗುರುತಿಸಿ. ಒಂದೇ ಕಾಲಂ ಆದರೂ ಕಾರಣ ಬೇರೆಬೇರೆ ಇರುತ್ತದೆ, ನೀವು ಮಾಡಬೇಕಾದ್ದೂ ಬೇರೆಯಾಗುತ್ತದೆ.

ಬಹಳ ಕಡೆ ಕಾರಣ ಬರೀ ಸೋಮಾರಿತನ. ಕ್ಯಾಂಪಸ್ ಆಯ್ಕೆಗೆ ಮಾಡಿದ ಫಾರ್ಮನ್ನೇ ಅನುಭವಿಗಳಿಗೂ ಇಟ್ಟಿರುತ್ತಾರೆ. ಫ್ರೆಶರ್‌ಗಳ ಕೈಯಲ್ಲಿ ತೋರಿಸಲು ಬೇರೇನೂ ಇಲ್ಲದ್ದರಿಂದ ಅವರಿಗೆ ಅಂಕ ಕೇಳುವುದಕ್ಕೆ ಒಂದು ಅರ್ಥವಿದೆ. ಅನುಭವಿಗಳ ಪಾಲಿಗೆ ಅದು ಯಾರೂ ಅಳಿಸದೆ ಬಿಟ್ಟ ಸಾಲು. ಇಂಥ ಕಡೆ ಸರಿಯಾದ ಅಂಕಿ ಹಾಕಿ ಮುಂದೆ ಹೋದರಾಯಿತು, ಅರ್ಜಿ ಸೋಸುವಾಗ ಅದನ್ನು ಯಾರೂ ಓದುವುದಿಲ್ಲ.

ಸರ್ವಿಸ್ ಕಂಪನಿಗಳಲ್ಲಿ ಕಾರಣ ಕ್ಲೈಂಟ್ ಇರಬಹುದು. ನಿಮ್ಮ ಪ್ರೊಫೈಲ್ ಕ್ಲೈಂಟ್‌ಗೆ ಹೋಗುವಾಗ ಓದಿನ ವಿವರವೂ ಜೊತೆಗೆ ಹೋಗಬೇಕು ಎಂದು ಕರಾರಿನಲ್ಲಿ ಇರುತ್ತದೆ. ‘ಎಲ್ಲಾ ಹಂತದಲ್ಲೂ 60 ಪರ್ಸೆಂಟ್’ ಎಂಬ ನಿಯಮ ಬಿಗಿಯಾಗಿ ನಡೆಯುವುದು ಇಂಥ ಕಡೆಯೇ. ಇಲ್ಲಿ ರಿಕ್ರೂಟರ್‌ಗೆ ಸಡಿಲಿಸುವ ಅಧಿಕಾರ ಇರುವುದಿಲ್ಲ, ಅವರ ಮೇಲಿನವರಿಗೆ ಇರಬಹುದು.

ವಿದೇಶದ ಕೆಲಸವಾದರೆ ಡಿಗ್ರಿ ಕೇಳುವುದು ವೀಸಾಕ್ಕೂ ಹೌದು. ಅಮೆರಿಕದ ಎಚ್-1ಬಿ ನಿಯಮದಲ್ಲಿ ಬ್ಯಾಚುಲರ್ ಡಿಗ್ರಿ ಅಥವಾ ಅದಕ್ಕೆ ಸಮನಾದದ್ದು ಬೇಕು. ನಮ್ಮ ಮೂರು ವರ್ಷದ ಬಿಎಸ್ಸಿ, ಬಿಕಾಂ ಓದಿದವರಿಗೆ ಕಡಿಮೆ ಬೀಳುವ ಕಾಲೇಜಿನ ಒಂದು ವರ್ಷಕ್ಕೆ ಬದಲಾಗಿ ಮೂರು ವರ್ಷದ ಅನುಭವ ಲೆಕ್ಕ ಹಿಡಿಯುವ ದಾರಿ ಅದೇ ನಿಯಮದಲ್ಲಿದೆ. ಜರ್ಮನಿಗೆ ಹೋಗುವವರು ತಮ್ಮ ವಿಶ್ವವಿದ್ಯಾಲಯ, ವಿದೇಶಿ ಡಿಗ್ರಿಗಳಿಗೆ ಅಲ್ಲಿ ಮಾನ್ಯತೆ ಇದೆಯೇ ಎಂದು ತೋರಿಸುವ ಅನಾಬಿನ್ ಡೇಟಾಬೇಸ್‌ನಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಇಂಥ ಕಡೆ ಡಿಗ್ರಿ ಇದೆಯೋ ಇಲ್ಲವೋ ಎಂಬುದು ನಿಜವಾಗಿ ಬೇಕಾದ ಪ್ರಶ್ನೆ. ಪರ್ಸೆಂಟೇಜ್ ಮಾತ್ರ ಇಲ್ಲೂ ಅನಗತ್ಯವೇ.

ಸರ್ಕಾರಿ ನೇಮಕಾತಿಯ ಮಾತೇ ಬೇರೆ. ಕೆಪಿಎಸ್‌ಸಿ, ಬ್ಯಾಂಕ್ ಹುದ್ದೆಗಳ ಐಬಿಪಿಎಸ್, ಸಾರ್ವಜನಿಕ ಉದ್ದಿಮೆಗಳ ಅಧಿಸೂಚನೆಯಲ್ಲಿ ಹೇಳಿದ ಅರ್ಹತೆ ಅಂದರೆ ಅದೇ, ಅಲ್ಲಿ ವಾದ ನಡೆಯುವುದಿಲ್ಲ. ಐಬಿಪಿಎಸ್ ಅಧಿಸೂಚನೆಗಳಲ್ಲಿ 59.99 ಪರ್ಸೆಂಟನ್ನು 60ಕ್ಕಿಂತ ಕಡಿಮೆ ಎಂದೇ ಪರಿಗಣಿಸುವುದಾಗಿ ಬರೆದಿರುತ್ತಾರೆ. ಎಲ್ಲಾ ಸೆಮಿಸ್ಟರ್‌ಗಳ, ಎಲ್ಲಾ ವಿಷಯಗಳ ಒಟ್ಟು ಅಂಕದಿಂದಲೇ ಲೆಕ್ಕ ಹಾಕಬೇಕೆಂದೂ ಹೇಳಿರುತ್ತಾರೆ. ಈ ಲೇಖನದ ಉಳಿದ ಸಲಹೆ ಖಾಸಗಿ ಕೆಲಸಗಳಿಗೆ ಮಾತ್ರ.

ಮೊದಲು ಒಂದು ಹಾಳೆ ಮಾಡಿಕೊಳ್ಳಿ

ಪ್ರತಿ ಅರ್ಜಿಗೂ ಮಾರ್ಕ್ಸ್ ಕಾರ್ಡ್ ಹುಡುಕುತ್ತ ಕೂತರೆ ಪ್ರತಿ ಸಲವೂ ಬೇರೆ ಅಂಕಿ ಬರುತ್ತದೆ. ಮಾರ್ಕ್ಸ್ ಕಾರ್ಡ್‌ಗಳನ್ನೆಲ್ಲ ಒಮ್ಮೆ ಎದುರಿಗೆ ಹರಡಿಕೊಂಡು ಇಷ್ಟನ್ನು ಬರೆದಿಟ್ಟುಕೊಳ್ಳಿ: ಪರೀಕ್ಷೆಯ ಹೆಸರು, ಬೋರ್ಡ್ ಅಥವಾ ವಿಶ್ವವಿದ್ಯಾಲಯ, ಶಾಲೆ ಅಥವಾ ಕಾಲೇಜು, ರಿಜಿಸ್ಟರ್ ನಂಬರ್, ಸೇರಿದ ತಿಂಗಳು–ವರ್ಷ, ಪಾಸಾದ ತಿಂಗಳು–ವರ್ಷ, ಬಂದ ಅಂಕ, ಒಟ್ಟು ಅಂಕ, ಎರಡು ದಶಾಂಶಕ್ಕೆ ಪರ್ಸೆಂಟೇಜ್, ಕಾರ್ಡಿನಲ್ಲಿ ನಿಮ್ಮ ಹೆಸರು ಹೇಗೆ ಅಚ್ಚಾಗಿದೆ. ಕೊನೆಯದನ್ನು ಬಿಡಬೇಡಿ, ಅದರ ವಿಷಯ ಮುಂದೆ ಬರುತ್ತದೆ. ಇನ್ನು ಮೇಲೆ ಎಲ್ಲ ಫಾರ್ಮಿಗೂ ಈ ಹಾಳೆಯಿಂದಲೇ ಎತ್ತಿ ಬರೆಯಿರಿ. ನೌಕ್ರಿ ಪ್ರೊಫೈಲಿನಲ್ಲಿರುವ ವಿವರವನ್ನೂ ಇದಕ್ಕೆ ಸರಿಹೊಂದಿಸಿ. ರಿಕ್ರೂಟರ್‌ಗಳು ನಿಮ್ಮನ್ನು ಕೇಳದೆ ಅಲ್ಲಿಂದಲೇ ಟೇಬಲ್ ತುಂಬಿ ಕ್ಲೈಂಟ್‌ಗೆ ಕಳಿಸುವುದುಂಟು.

ಲೆಕ್ಕ ತಪ್ಪುವ ಜಾಗಗಳು ಗೊತ್ತಿರುವವೇ. ಕರ್ನಾಟಕದ ಎಸ್ಸೆಸ್ಸೆಲ್ಸಿ ಒಟ್ಟು 625 ಅಂಕದ್ದು, ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು. 412 ಬಂದಿದ್ದರೆ ಪರ್ಸೆಂಟೇಜ್ 65.92. ಆರು ವಿಷಯ ಅಂದುಕೊಂಡು 600ರಿಂದ ಭಾಗಿಸಿದರೆ 68.67 ಬರುತ್ತದೆ. ಕೈತಪ್ಪಿನಿಂದ ಆದದ್ದೇ ಆದರೂ ವೆರಿಫಿಕೇಶನ್ ರಿಪೋರ್ಟಿನಲ್ಲಿ ಅದು ‘ವ್ಯತ್ಯಾಸ’ ಎಂದೇ ದಾಖಲಾಗುತ್ತದೆ. ಪಿಯುಸಿಯಲ್ಲಿ ದ್ವಿತೀಯ ವರ್ಷದ 600 ಅಂಕ ಮಾತ್ರ ಲೆಕ್ಕಕ್ಕೆ. ಎರಡು ಭಾಷೆ ಸೇರಿಸಿ 378 ಬಂದಿದ್ದರೆ 63 ಪರ್ಸೆಂಟ್. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೇ ಹಿಡಿದು 300ಕ್ಕೆ 216, ಅಂದರೆ 72 ಎಂದು ಬರೆಯುವ ಅಭ್ಯಾಸ ಸಿಇಟಿ ಕಾಲದಿಂದ ಬಂದದ್ದು. ಫಾರ್ಮ್ ಪಿಸಿಎಂ ಎಂದು ಸ್ಪಷ್ಟವಾಗಿ ಕೇಳಿದ್ದರೆ ಮಾತ್ರ ಹಾಗೆ ಬರೆಯಿರಿ.

ಸಿಜಿಪಿಎಯನ್ನು, ಅಂದರೆ ಗ್ರೇಡುಗಳ ಒಟ್ಟು ಸರಾಸರಿಯನ್ನು ಪರ್ಸೆಂಟಿಗೆ ತರುವಾಗ ಆಗುವ ತಪ್ಪು ಇನ್ನೂ ದೊಡ್ಡದು. ಸಿಬಿಎಸ್‌ಇ ಹತ್ತನೇ ತರಗತಿಗೆ ಗ್ರೇಡ್ ಕೊಡುತ್ತಿದ್ದ ವರ್ಷಗಳಲ್ಲಿ 9.5ರಿಂದ ಗುಣಿಸಿ ಎಂದು ಬೋರ್ಡೇ ಹೇಳಿತ್ತು. ಆ ಸೂತ್ರ ಜನರ ಬಾಯಲ್ಲಿ ಉಳಿದು ಈಗ ಎಲ್ಲ ವಿಶ್ವವಿದ್ಯಾಲಯಕ್ಕೂ ಹಚ್ಚುತ್ತಿದ್ದಾರೆ. ವಿಟಿಯು 2015ರ ಸಿಬಿಸಿಎಸ್ ಸ್ಕೀಮಿನಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. 7.1 ಇದ್ದವರಿಗೆ ಬರುವುದು 63.5. ಅದನ್ನೇ 9.5ರಿಂದ ಗುಣಿಸಿದರೆ 67.45, ನೇರವಾಗಿ ಹತ್ತರಿಂದ ಗುಣಿಸಿದರೆ 71. ಒಂದೇ ಡಿಗ್ರಿಗೆ ಮೂರು ಪರ್ಸೆಂಟೇಜ್. ನಿಮ್ಮ ಸ್ಕೀಮಿನ ನಿಯಮದಲ್ಲಿ ಅಥವಾ ಗ್ರೇಡ್ ಕಾರ್ಡಿನ ಹಿಂಬದಿಯಲ್ಲಿ ಏನಿದೆಯೋ ಅದೊಂದೇ ಸರಿ. ಫಾರ್ಮ್ ಸ್ಕೇಲ್ ಆಯ್ಕೆ ಮಾಡಲು ಬಿಟ್ಟರೆ ಪರಿವರ್ತನೆಯ ಗೊಡವೆಗೇ ಹೋಗದೆ ‘10ಕ್ಕೆ 7.1’ ಎಂದು ಹಾಕಿ. ಅಮೆರಿಕದ ಕಂಪನಿಗಳ ಫಾರ್ಮಿಗೆ ನಾಲ್ಕರ ಸ್ಕೇಲಿಗೆ ನೀವೇ ಇಳಿಸಿ ಬರೆಯಬೇಡಿ. ಆ ಪರಿವರ್ತನೆ ಮಾಡಲು ಡಬ್ಲ್ಯುಇಎಸ್ ಥರದ ಸಂಸ್ಥೆಗಳಿವೆ, ಅದು ನಿಮ್ಮ ಹೊಣೆಯಲ್ಲ.

ದಶಾಂಶವನ್ನು ಮೇಲಕ್ಕೆ ಹಾರಿಸಬೇಡಿ. 59.68 ಅಂದರೆ 59.68.

ಕಾಲಂ ಕಾಲಂಗೆ

ವರ್ಕ್‌ಡೇ, ಟಾಲಿಯೋ, ಗ್ರೀನ್‌ಹೌಸ್ ಥರದ, ಆನ್‌ಲೈನ್ ಅರ್ಜಿ ತೆಗೆದುಕೊಳ್ಳುವ ಸಿಸ್ಟಂಗಳಲ್ಲಿ ಕೆಂಪು ನಕ್ಷತ್ರ ಇದ್ದದ್ದು ಮಾತ್ರ ಕಡ್ಡಾಯ. ಅದು ಇಲ್ಲದ ಅಂಕದ ಕಾಲಂ ಖಾಲಿ ಬಿಡಿ. ವರ್ಕ್‌ಡೇಯ ಶಿಕ್ಷಣ ವಿಭಾಗದಲ್ಲಿ ಜಿಪಿಎ ಕಾಲಂ ಬಹಳ ಸಲ ಐಚ್ಛಿಕವೇ. ರೆಸ್ಯೂಮೆ ಅಪ್‌ಲೋಡ್ ಮಾಡಿದಾಗ ಸಿಸ್ಟಂ ತಾನೇ ತುಂಬಿಕೊಂಡದ್ದನ್ನು ಸಾಲು ಸಾಲಾಗಿ ನೋಡಿ. ಪ್ರೌಢಶಾಲೆಯ ಹೆಸರು ವಿಶ್ವವಿದ್ಯಾಲಯದ ಜಾಗಕ್ಕೆ, ಪರ್ಸೆಂಟೇಜ್ ಜಿಪಿಎ ಜಾಗಕ್ಕೆ ಹೋಗಿ ಕೂತಿರುತ್ತದೆ. ಇದಕ್ಕೆ ಒಳ್ಳೆಯ ಉಪಾಯ ರೆಸ್ಯೂಮೆಯಿಂದಲೇ ಅಂಕ ತೆಗೆದುಹಾಕುವುದು. ಐದು ವರ್ಷ ದಾಟಿದವರ ರೆಸ್ಯೂಮೆಯಲ್ಲಿ ಶಿಕ್ಷಣ ಕೊನೆಯ ಪುಟದ ಕೊನೆಗಿರಲಿ. ಡಿಗ್ರಿ, ಕಾಲೇಜು, ವರ್ಷ ಮೂರೇ ಸಾಕು, ಎಸ್ಸೆಸ್ಸೆಲ್ಸಿ–ಪಿಯುಸಿ ಬೇಡವೇ ಬೇಡ.

ಕಡ್ಡಾಯ ಕಾಲಂನಲ್ಲಿ ಸಿಟ್ಟಿಗೆ 0, 1, 99 ಎಂದು ಹಾಕುವವರಿದ್ದಾರೆ. ಸೊನ್ನೆಯನ್ನು ಫಿಲ್ಟರ್ 60ಕ್ಕಿಂತ ಕಡಿಮೆ ಎಂದೇ ಓದುತ್ತದೆ, ಅರ್ಜಿ ಮನುಷ್ಯರ ಕಣ್ಣಿಗೇ ಬೀಳುವುದಿಲ್ಲ. 99 ಹಾಕಿದರೆ ಅದು ಸುಳ್ಳು ಹೇಳಿಕೆ. ಸಲ್ಲಿಸುವ ಮುಂಚೆ ‘ಮೇಲಿನದೆಲ್ಲ ನಿಜ, ತಪ್ಪಿದ್ದರೆ ಕೆಲಸದಿಂದ ತೆಗೆಯಬಹುದು’ ಎಂಬ ಪೆಟ್ಟಿಗೆಗೆ ನೀವೇ ಟಿಕ್ ಮಾಡಿರುತ್ತೀರಿ.

ಡಿಪ್ಲೊಮಾ ಮಾಡಿ ಲ್ಯಾಟರಲ್ ಎಂಟ್ರಿಯಲ್ಲಿ ಇಂಜಿನಿಯರಿಂಗ್ ಮೂರನೇ ಸೆಮಿಸ್ಟರಿಗೆ ಸೇರಿದವರ ಪಾಡು ಇದರಲ್ಲೇ ಕಷ್ಟದ್ದು. ಪಿಯುಸಿ ಮಾಡಿಯೇ ಇಲ್ಲ, ಕಾಲಂ ಕಡ್ಡಾಯ. ಡ್ರಾಪ್‌ಡೌನ್‌ನಲ್ಲಿ ಡಿಪ್ಲೊಮಾ ಇದೆಯೇ ಎಂದು ಕೊನೆತನಕ ಹುಡುಕಿ. ಇಲ್ಲದಿದ್ದರೆ ಬೋರ್ಡ್ ಎಂಬಲ್ಲಿ ‘ಇತರೆ’ ಆರಿಸಿ, ಡಿಪ್ಲೊಮಾದ ಪರ್ಸೆಂಟೇಜ್ ಹಾಕಿ, ಷರಾ ಬರೆಯಲು ಜಾಗವಿದ್ದಲ್ಲಿ ‘ಹನ್ನೆರಡನೇ ತರಗತಿಯ ಬದಲು ಮೂರು ವರ್ಷದ ಡಿಪ್ಲೊಮಾ, ತಾಂತ್ರಿಕ ಶಿಕ್ಷಣ ಇಲಾಖೆ, ಕರ್ನಾಟಕ’ ಎಂದು ಬರೆಯಿರಿ. ಷರಾಕ್ಕೂ ಜಾಗವಿಲ್ಲದಿದ್ದರೆ ಅದೇ ದಿನ ರಿಕ್ರೂಟರ್‌ಗೆ ಮೇಲ್ ಹಾಕಿ, ಲಿಖಿತ ದಾಖಲೆ ಉಳಿಯಲಿ. ಪಿಯುಸಿ ಎಂಬ ಹೆಸರಿನಡಿ ಡಿಪ್ಲೊಮಾ ಅಂಕ ಹಾಕಿ ಸುಮ್ಮನಿದ್ದರೆ ಇಲ್ಲದ ಪರೀಕ್ಷೆಯನ್ನು ಪಾಸಾದೆ ಎಂದಂತಾಗುತ್ತದೆ.

ವೆರಿಫಿಕೇಶನ್‌ನಲ್ಲಿ ಸಿಕ್ಕಿಬೀಳುವ ಮತ್ತೊಂದು ಕಾಲಂ ‘ಪಾಸಾದ ವರ್ಷ’. 2004ರಲ್ಲಿ ಸೇರಿ 2008ರಲ್ಲಿ ಎಂಟನೇ ಸೆಮಿಸ್ಟರ್ ಬರೆದು, ಉಳಿದ ಒಂದು ವಿಷಯವನ್ನು 2009ರ ಜನವರಿಯಲ್ಲಿ ಮುಗಿಸಿದ್ದರೆ ಪಾಸಾದ ವರ್ಷ 2009. ಬ್ಯಾಚು ಯಾವುದೇ ಇರಲಿ, ಡಿಗ್ರಿ ಮುಗಿದದ್ದು ಕೊನೆಯ ಮಾರ್ಕ್ಸ್ ಕಾರ್ಡಿನ ತಿಂಗಳಿಗೆ. ಅಷ್ಟರೊಳಗೆ ಕೆಲಸಕ್ಕೆ ಸೇರಿದ್ದರೂ ಪರವಾಗಿಲ್ಲ, ಎರಡೂ ದಿನಾಂಕ ಇದ್ದಂತೆಯೇ ಬರೆಯಿರಿ. ಬ್ಯಾಕ್‌ಲಾಗ್ ಪ್ರಶ್ನೆಯನ್ನು ಎರಡು ಸಲ ಓದಿ: ‘ಈಗ ಬಾಕಿ ಇದೆಯೇ’ ಎಂದು ಕೇಳಿದ್ದರೆ ಡಿಗ್ರಿ ಮುಗಿಸಿದವರ ಉತ್ತರ ‘ಇಲ್ಲ’. ‘ಯಾವತ್ತಾದರೂ ಇತ್ತೇ’ ಎಂದು ಕೇಳಿದ್ದರೆ ಎಣಿಸಿ ಬರೆಯಬೇಕು. ಗ್ಯಾಪ್‌ಗೆ ಕಾರಣ ನಾಲ್ಕೈದು ಪದದಲ್ಲಿ ಸಾಕು. ‘ಸಿಇಟಿಗೆ ಮತ್ತೊಮ್ಮೆ ಓದಿದ್ದು’, ‘ಮನೆಯ ಜವಾಬ್ದಾರಿ’. ಅನಾರೋಗ್ಯದ ವಿವರ, ಮನೆಯ ಕಷ್ಟದ ಕತೆ ಕೊಡಬೇಕಾದ್ದಿಲ್ಲ.

‘ಎಲ್ಲಾ ಹಂತದಲ್ಲೂ 60 ಇದೆಯೇ’ ಎಂಬ ಹೌದು–ಇಲ್ಲ ಪ್ರಶ್ನೆ

ಇದು ಬಾಗಿಲಲ್ಲೇ ತಡೆಯುವ ಪ್ರಶ್ನೆ. ‘ಇಲ್ಲ’ ಎಂದೊಡನೆ ಅರ್ಜಿ ತಾನಾಗಿಯೇ ತಿರಸ್ಕಾರವಾಗುವಂತೆ ಸಿಸ್ಟಂನಲ್ಲಿ ನಿಯಮ ಹಾಕಬಹುದು. ಪಿಯುಸಿಯಲ್ಲಿ 56 ಬಂದವರಿಗೆ ‘ಹೌದು’ ಒತ್ತುವ ಆಸೆ ಬರುವುದು ಇಲ್ಲೇ. ಒತ್ತಬೇಡಿ. ಇಂಟರ್‌ವ್ಯೂನ ನಾಲ್ಕು ಸುತ್ತು ಗೆದ್ದು, ಆಫರ್ ಪಡೆದು, ಮಾರ್ಕ್ಸ್ ಕಾರ್ಡ್ ಕೊಡುವ ದಿನ ಅದು ಬಯಲಾಗುತ್ತದೆ. ಆಗ ಅಂಕ ಕಡಿಮೆ ಎಂಬುದು ಪಕ್ಕಕ್ಕೆ ಸರಿದು ಸುಳ್ಳು ಹೇಳಿದ್ದು ಮುಂದೆ ಬರುತ್ತದೆ. ಅಂಕಕ್ಕೆ ವಿನಾಯಿತಿ ಕೊಡಲು ಒಪ್ಪುವ ಮ್ಯಾನೇಜರ್ ಕೂಡ ಇದಕ್ಕೆ ಒಪ್ಪುವುದಿಲ್ಲ.

ಇಂಥ ಪ್ರಶ್ನೆ ಕಂಡಾಗ ‘ಇಲ್ಲ’ ಒತ್ತಿ ಸಲ್ಲಿಸಲೂ ಬೇಡಿ, ಅಲ್ಲಿಗೇ ನಿಲ್ಲಿಸಿ. ಸಲ್ಲಿಸಿ ತಿರಸ್ಕಾರವಾದರೆ ಹಲವು ಕಂಪನಿಗಳಲ್ಲಿ ಕೆಲವು ತಿಂಗಳು ಮತ್ತೆ ಹಾಕಲು ಬರುವುದಿಲ್ಲ. ಬೇರೆ ಇಮೇಲ್ ಐಡಿಯಿಂದ ಹಾಕಿದರೆ ಫೋನ್ ನಂಬರ್ ಹೊಂದಿಕೆಯಾಗಿ ಎರಡೂ ಅರ್ಜಿ ಒಟ್ಟಿಗೆ ಕಾಣಿಸಬಹುದು. ಸಲ್ಲಿಸುವ ಮುನ್ನವೇ ಒಳಗಿನವರ ದಾರಿ ಹಿಡಿಯಿರಿ. ಆ ಕಂಪನಿಯಲ್ಲಿ ಜೊತೆಗೆ ಓದಿದವರು, ಹಳೆ ಸಹೋದ್ಯೋಗಿಗಳು ಯಾರಿದ್ದಾರೆ ನೋಡಿ, ರೆಫರಲ್ ಕೇಳಿ. ಕೇಳುವಾಗ ವಿಷಯವನ್ನು ಬಿಚ್ಚಿ ಹೇಳಿ, ಇಲ್ಲದಿದ್ದರೆ ಪಾಪ ಅವರ ಮುಖ ಕೆಡುತ್ತದೆ: ‘ಪಿಯುಸಿಯಲ್ಲಿ ನನಗೆ 56 ಇದೆ ಕಣೋ, ಫಾರ್ಮಿನಲ್ಲಿ 60 ಕೇಳ್ತಿದ್ದಾರೆ. ಅನುಭವ ಇದ್ದೋರಿಗೆ ಸಡಿಲಿಸ್ತಾರಾ ಅಂತ ನಿಮ್ಮ ಮ್ಯಾನೇಜರ್ ಹತ್ರ ಒಂದ್ಸಲ ಕೇಳಿ ನೋಡ್ತೀಯಾ?’

ಒಳಗೆ ಯಾರೂ ಪರಿಚಯವಿಲ್ಲದಿದ್ದರೆ ರಿಕ್ರೂಟರ್‌ಗೇ ಫೋನ್ ಮಾಡಿ. ಮಾತು ಚಿಕ್ಕದಿರಲಿ: ‘ಮೇಡಂ, ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ ಕೇಳಿರೋ ಎಂಟು ವರ್ಷದ ಅನುಭವ ನನಗಿದೆ. ಪಿಯುಸಿಯಲ್ಲಿ ಮಾತ್ರ 56 ಪರ್ಸೆಂಟ್. ಈ ಕಟ್‌ಆಫ್ ಕ್ಲೈಂಟ್ ಹಾಕಿರೋದಾ, ನಿಮ್ಮ ಕಡೆಯಿಂದ ಬಂದಿರೋದಾ? ವಿನಾಯಿತಿ ಕೊಡೋ ಅಧಿಕಾರ ಯಾರಿಗಿದೆ ಅಂತ ಹೇಳಿದ್ರೆ ಅವರಿಗೇ ಬರೀತೀನಿ.’ ಕೊನೆಯ ಪ್ರಶ್ನೆಯೇ ಮುಖ್ಯ. ‘ಸಡಿಲಿಸ್ತೀರಾ’ ಎಂದು ಕೇಳಿದರೆ ‘ಇಲ್ಲ’ ಎನ್ನುವುದು ಸುಲಭ, ‘ಯಾರಿಗೆ ಅಧಿಕಾರ’ ಎಂದು ಕೇಳಿದರೆ ಒಂದು ಹೆಸರಾದರೂ ಸಿಗುತ್ತದೆ. ಫೋನಿನಲ್ಲಿ ‘ಪರವಾಗಿಲ್ಲ, ಹಾಕಿ’ ಎಂದರೆ ಅದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಕನ್ಸಲ್ಟೆನ್ಸಿಯವರು ‘60 ಅಂತಲೇ ಹಾಕ್ಬಿಡಿ, ನಾನು ನೋಡ್ಕೋತೀನಿ’ ಎಂದರೆ ಅಲ್ಲಿಂದ ಹೊರಬನ್ನಿ. ವೆರಿಫಿಕೇಶನ್ ಹೊತ್ತಿಗೆ ಅವರು ನೋಡಿಕೊಳ್ಳಲು ಇರುವುದಿಲ್ಲ, ಅರ್ಜಿಯ ಕೆಳಗಿರುವುದು ನಿಮ್ಮ ಸಹಿ.

ಶಾಲೆಯ ದಿನಗಳ ಬಗ್ಗೆ ಪ್ರಬಂಧ ಕೇಳಿದರೆ

ಮನೆಯಿಂದಲೇ ಮಾಡುವ ಕೆಲಸ ಕೊಡುವ ಕೆಲವು ವಿದೇಶಿ ಸಾಫ್ಟ್‌ವೇರ್ ಕಂಪನಿಗಳು ಹಿರಿಯ ಹುದ್ದೆಗಳಿಗೂ ಕೇಳುತ್ತವೆ: ಹೈಸ್ಕೂಲಿನಲ್ಲಿ ಗಣಿತದಲ್ಲಿ ಹೇಗಿದ್ದಿರಿ, ಭಾಷೆಯಲ್ಲಿ ಹೇಗಿದ್ದಿರಿ, ತರಗತಿಯಲ್ಲಿ ಎಷ್ಟನೇ ರ್‍ಯಾಂಕ್, ಆ ವಿಶ್ವವಿದ್ಯಾಲಯವನ್ನೇ ಯಾಕೆ ಆರಿಸಿದಿರಿ. ಇಂಥ ಪ್ರಶ್ನೆ ಹತ್ತಾರು ಇದ್ದರೆ ಒಂದು ಭಾನುವಾರ ಪೂರ್ತಿ ಹೋಗುತ್ತದೆ. ಮೊದಲೇ ಸಮಯ ಗೊತ್ತುಮಾಡಿಕೊಳ್ಳಿ. ಒಂದು ಪ್ರಶ್ನೆಗೆ ಐದು ನಿಮಿಷ, ನಾಲ್ಕು ವಾಕ್ಯ, ಅದಕ್ಕಿಂತ ಹೆಚ್ಚು ಬೇಡ.

ಆ ನಾಲ್ಕು ವಾಕ್ಯದ ಕ್ರಮ ಹೀಗಿರಲಿ. ಮೊದಲು ಕೇಳಿದ್ದಕ್ಕೆ ನೇರ ಅಂಕಿ: ‘2003ರ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 100ಕ್ಕೆ 71.’ ಹೊರದೇಶದವರಿಗೆ ಅದರ ಅರ್ಥ ತಿಳಿಯಲು ಒಂದು ಸಾಲು: ‘ಇದು ಇಡೀ ರಾಜ್ಯಕ್ಕೆ ಒಂದೇ ಪ್ರಶ್ನೆಪತ್ರಿಕೆ ಇರುವ ಬೋರ್ಡ್ ಪರೀಕ್ಷೆ, ನಮ್ಮ ಶಾಲೆಯಲ್ಲಿ ರ್‍ಯಾಂಕ್ ಪಟ್ಟಿ ಇರಲಿಲ್ಲ.’ ಮೂರು ಮತ್ತು ನಾಲ್ಕನೆಯ ವಾಕ್ಯದಲ್ಲಿ ಅದೇ ಸಾಮರ್ಥ್ಯ ಈಗಿನ ಕೆಲಸದಲ್ಲಿ ಕಾಣುವ ಜಾಗ: ‘ಕಳೆದ ಎರಡು ವರ್ಷದಿಂದ ನಮ್ಮ ತಂಡದ ಕೆಪಾಸಿಟಿ ಪ್ಲಾನಿಂಗ್ ಲೆಕ್ಕ ನನ್ನದೇ. ಹಬ್ಬದ ಸೇಲ್ ದಿನಗಳ ಲೋಡನ್ನು ಮೊದಲೇ ಅಂದಾಜಿಸಿ ಸರ್ವರ್ ಸಂಖ್ಯೆ ನಿರ್ಧರಿಸುತ್ತೇನೆ.’ ಅಂಕ ಕಡಿಮೆ ಇದ್ದರೆ ಕಾರಣ ಹೇಳುವ ಗೋಜಿಗೆ ಹೋಗಬೇಡಿ. ಮೇಷ್ಟ್ರು ಸರಿಯಿರಲಿಲ್ಲ, ಊರಲ್ಲಿ ಕರೆಂಟ್ ಇರಲಿಲ್ಲ ಎಂಬುದು ನಿಜವೇ ಇರಬಹುದು, ಓದುವವರಿಗೆ ಅದು ನೆಪದಂತೆ ಕಾಣುತ್ತದೆ. ರ್‍ಯಾಂಕ್ ನೆನಪಿಲ್ಲದಿದ್ದರೆ ‘ದಾಖಲೆ ಇಲ್ಲ’ ಎನ್ನಿ, ಊಹಿಸಿ ‘ಮೊದಲ ಐದರಲ್ಲಿ’ ಎನ್ನಬೇಡಿ.

ಇಂಥ ಪ್ರಶ್ನೆ ಬಿಟ್ಟುಬಿಡಬಹುದೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಕೇಳುವುದಾದರೆ ಹೈರಿಂಗ್ ಮ್ಯಾನೇಜರ್‌ಗೆ ಕೇಳಿ, ಎಚ್‌ಆರ್‌ಗೆ ಅಲ್ಲ. ಅಂಕಕ್ಕೆ ಬದಲಾಗಿ ಏನು ಕೊಡುತ್ತೀರಿ ಎಂಬುದೂ ಅದೇ ಮೇಲ್‌ನಲ್ಲಿರಲಿ: ಮಾಡಿದ ಕೆಲಸದ ಒಂದು ಪುಟದ ವಿವರ, ಇಬ್ಬರು ಹಳೆ ಮ್ಯಾನೇಜರ್‌ಗಳ ರೆಫರೆನ್ಸ್, ಅರ್ಧ ಗಂಟೆಯ ತಾಂತ್ರಿಕ ಮಾತುಕತೆ. ಆಧಾರ ಬೇಕಾದರೆ ಗೂಗಲ್‌ನ ಎಚ್‌ಆರ್ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ 2013ರಲ್ಲೇ ಪತ್ರಿಕಾ ಸಂದರ್ಶನದಲ್ಲಿ ಜಿಪಿಎಯಿಂದ ಆಯ್ಕೆಗೆ ಉಪಯೋಗವಿಲ್ಲ ಎಂದಿದ್ದರು. ಕಾಲೇಜಿನಿಂದ ಆಗಷ್ಟೇ ಬಂದವರನ್ನು ಮಾತ್ರ ಈ ಮಾತಿನಿಂದ ಹೊರಗಿಟ್ಟಿದ್ದರು.

ಮಾರ್ಕ್ಸ್ ಕಾರ್ಡ್ ಯಾವಾಗ ಕೊಡಬೇಕು

ಅರ್ಜಿ ಹಂತದಲ್ಲಿ ಅಂಕಿ ಬರೆದರೆ ಸಾಕು, ಸ್ಕ್ಯಾನ್ ಕಾಪಿ ಬೇಡ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಜನ್ಮದಿನಾಂಕ, ತಂದೆತಾಯಿಯ ಹೆಸರು ಎಲ್ಲವೂ ಇರುತ್ತದೆ. ಅದರ ಜೊತೆ ಆಧಾರ್, ಪ್ಯಾನ್ ಕೂಡ ಕಳಿಸಿದರೆ ನಿಮ್ಮ ಹೆಸರಲ್ಲಿ ಸಾಲ ಎತ್ತಲು ಹೊಂಚುವವರಿಗೆ ಬೇಕಾದ್ದೆಲ್ಲ ಸಿಕ್ಕಂತೆ. ‘ಇಂಟರ್‌ವ್ಯೂ ಷೆಡ್ಯೂಲ್ ಮಾಡಲು ಎಲ್ಲಾ ದಾಖಲೆ ಬೇಕು’ ಎಂದರೆ ‘ಆಫರ್ ಲೆಟರ್ ಬಂದ ಮೇಲೆ ಕಂಪನಿಯ ಪೋರ್ಟಲ್‌ನಲ್ಲೇ ಹಾಕುತ್ತೇನೆ’ ಎನ್ನಿ. ನಿಜವಾದ ರಿಕ್ರೂಟರ್ ಇದಕ್ಕೆ ಬೇಸರಿಸುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳಿದ ಉದ್ದೇಶಕ್ಕೆ ಅಗತ್ಯವಿರುವಷ್ಟೇ ಮಾಹಿತಿಗೆ ಒಪ್ಪಿಗೆ ಸೀಮಿತ ಎಂಬ ತತ್ವವನ್ನೇ ಹೇಳುತ್ತದೆ.

ಆಫರ್ ಬಂದ ಮೇಲೆ ಹುಡುಕಲು ಹೊರಟರೆ ತಡವಾಗುತ್ತದೆ. ಕಾರ್ಡ್ ಕಳೆದಿದ್ದರೆ ಡಿಜಿಲಾಕರ್‌ನಲ್ಲಿ ನಿಮ್ಮ ವರ್ಷದ್ದು ಇದೆಯೇ ನೋಡಿ. ಇಲ್ಲದಿದ್ದರೆ ಎಸ್ಸೆಸ್ಸೆಲ್ಸಿಗೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ನಕಲು ಪ್ರತಿಯ ಅರ್ಜಿ ಹಾಕಬೇಕು, ಡಿಗ್ರಿಗೆ ವಿಶ್ವವಿದ್ಯಾಲಯಕ್ಕೆ. ವಾರಗಟ್ಟಲೆ ಹಿಡಿಯಬಹುದು, ಕೆಲಸ ಹುಡುಕಲು ಶುರುಮಾಡಿದ ದಿನವೇ ಹಾಕಿಬಿಡಿ.

ಈಗ ಹೆಸರಿನ ವಿಷಯ. ನಮ್ಮಲ್ಲಿ ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಕೆ.ಎಸ್.’ ಇರುತ್ತದೆ, ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಸೇರಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದೇ ಹೆಸರು ಹಿಂದುಮುಂದಾಗಿರುತ್ತದೆ. ಮದುವೆಯ ನಂತರ ಹೆಸರು ಬದಲಿಸಿಕೊಂಡ ಹೆಣ್ಣುಮಕ್ಕಳಿಗೆ ಇದು ಇನ್ನೂ ತಲೆನೋವು. ಶಿಕ್ಷಣದ ಕಾಲಂನಲ್ಲಿ ‘ಪ್ರಮಾಣಪತ್ರದಲ್ಲಿರುವ ಹೆಸರು’ ಎಂದು ಕೇಳಿದರೆ ಕಾರ್ಡಿನಲ್ಲಿ ಅಚ್ಚಾದಂತೆಯೇ, ಚುಕ್ಕೆ ಸಮೇತ ಬರೆಯಿರಿ. ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ ಒಂದು ಸಿದ್ಧವಿಟ್ಟುಕೊಳ್ಳಿ. ಕೇಳಿದ ದಿನವೇ ಕೊಟ್ಟರೆ ವೆರಿಫಿಕೇಶನ್ ನಿಲ್ಲುವುದಿಲ್ಲ.

ಹಿಂದಿನ ಯಾವುದೋ ಅರ್ಜಿಯಲ್ಲಿ ತಪ್ಪು ಅಂಕಿ ಹೋಗಿದೆ ಎಂದು ಈಗ ಗೊತ್ತಾದರೆ, ವೆರಿಫಿಕೇಶನ್ ಶುರುವಾಗುವ ಮುಂಚೆ ನೀವೇ ಬರೆದು ತಿಳಿಸಿ: ‘ಎಸ್ಸೆಸ್ಸೆಲ್ಸಿ ಪರ್ಸೆಂಟೇಜನ್ನು 600ರಿಂದ ಭಾಗಿಸಿ 68.67 ಎಂದು ಬರೆದಿದ್ದೆ. ಒಟ್ಟು ಅಂಕ 625, ಸರಿಯಾದದ್ದು 65.92.’ ತಾನಾಗಿ ತಿದ್ದಿದ್ದನ್ನು ಸಾಮಾನ್ಯವಾಗಿ ತಪ್ಪು ಎಂದು ಒಪ್ಪುತ್ತಾರೆ, ಅವರು ಕಂಡುಹಿಡಿದದ್ದನ್ನು ವಂಚನೆ ಎಂದು ನೋಡುತ್ತಾರೆ.

ಫಾರ್ಮ್ ಮಾಡುವ ಜಾಗದಲ್ಲಿ ನೀವೇ ಇದ್ದರೆ

ಇದನ್ನು ಓದುವವರಲ್ಲಿ ತಂಡಕ್ಕೆ ಜನ ತೆಗೆದುಕೊಳ್ಳುವವರೂ ಇರುತ್ತೀರಿ. ನಿಮ್ಮ ಹುದ್ದೆಯ ಫಾರ್ಮನ್ನು ಒಮ್ಮೆ ಅಭ್ಯರ್ಥಿಯಾಗಿ ಕೊನೆತನಕ ತುಂಬಿ ನೋಡಿ. ಅಂಕಕ್ಕೂ ಕೆಲಸದ ಸಾಮರ್ಥ್ಯಕ್ಕೂ ಇರುವ ನಂಟು ಕಾಲೇಜು ಬಿಟ್ಟು ವರ್ಷ ಕಳೆದಂತೆ ತೆಳ್ಳಗಾಗುತ್ತದೆ ಎಂದು 1996ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆಯೇ ತೋರಿಸಿದೆ. ಐದು ವರ್ಷ ದಾಟಿದ ಹುದ್ದೆಗಳಿಗೆ ಟೆಂತ್, ಟ್ವೆಲ್ತ್ ಕಾಲಂ ಅಳಿಸಲು ಎಚ್‌ಆರ್‌ಗೆ ಹೇಳಿ. ಕ್ಲೈಂಟ್ ಕರಾರಿನಿಂದ ಅಳಿಸಲಾಗದಿದ್ದರೆ ಅದನ್ನು ಆಫರ್ ನಂತರದ ಹಂತಕ್ಕೆ ಸರಿಸಿ, ‘ಡಿಪ್ಲೊಮಾ’ ಆಯ್ಕೆ ಸೇರಿಸಿ, 60ರ ನಿಯಮವಿದ್ದರೆ ಜಾಹೀರಾತಿನ ಮೊದಲ ಸಾಲಿನಲ್ಲೇ ಬರೆಯಿರಿ. ನಲವತ್ತು ನಿಮಿಷ ಫಾರ್ಮ್ ತುಂಬಿಸಿಕೊಂಡು ಕೊನೆಯ ಪುಟದಲ್ಲಿ ಹೇಳುವುದು ಅನ್ಯಾಯ.

ಅಭ್ಯರ್ಥಿಗಳು ಕೈಬಿಡಬೇಕಾದ ಅರ್ಜಿಯನ್ನು ಗುರುತಿಸುವುದೂ ಕಷ್ಟವಲ್ಲ. ಕಟ್‌ಆಫ್‌ಗಿಂತ ಅಂಕ ಕಡಿಮೆ, ಒಳಗೆ ಯಾರೂ ಪರಿಚಯವಿಲ್ಲ, ವಿನಾಯಿತಿ ಕೊಡುವವರು ಯಾರೆಂದು ಎರಡು ಸಲ ಕೇಳಿದರೂ ಉತ್ತರವಿಲ್ಲ ಎಂದಾದರೆ ಅದನ್ನು ಅಲ್ಲಿಗೇ ಬಿಡಿ. ಹುದ್ದೆ, ರಿಕ್ರೂಟರ್, ದಿನಾಂಕ, ಕಟ್‌ಆಫ್ ಎಷ್ಟು ಎಂದು ನಿಮ್ಮ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಿ. ಆರು ತಿಂಗಳಲ್ಲಿ ಬೇರೆ ಕನ್ಸಲ್ಟೆನ್ಸಿ ಅದೇ ಹುದ್ದೆ ಹಿಡಿದುಕೊಂಡು ಫೋನ್ ಮಾಡಿದಾಗ, ಟೇಬಲ್ ತುಂಬುವ ಮೊದಲೇ ಕಟ್‌ಆಫ್ ಬದಲಾಗಿದೆಯೇ ಎಂದು ಕೇಳಬಹುದು.